ಏಳನೇ ತಟ್ಟೆ

"ಹನ್ನೆರಡು ತಟ್ಟೇನೂ ಒಂದು ಗಂಟೆಗೆ ಕುದಿಯೋ ಹಂಡೆಗೆ ಹಾಕಿಸ್ತೀನಿ," ಅಂದ ಬೀಗದಪ್ಪ. "ಅಡ್ಡ ನಿಂತ್ರೆ ನಿಮ್ಮನ್ನ ಪಕ್ಕಕ್ಕೆ ತಳ್ಳಿ ಹಾಕಿಸ್ತೀನಿ."

"ತಳ್ಳಿ ನೋಡು."

ತಳ್ಳಲಿಲ್ಲ. ಮೂವತ್ತು ವರ್ಷ ಪೊಲೀಸ್ ಕೆಲಸ ಮಾಡಿ ನಿವೃತ್ತಳಾದವಳ ಮುಖದಲ್ಲಿ ಏನೋ ಒಂದು ಉಳಿದುಕೊಂಡಿರುತ್ತದೆ. ಪಿಂಚಣಿಗಿಂತ ಅದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಅವನು ಈ ಹುಳು ಸಾಕಣೆ ಮನೆಯ ಮ್ಯಾನೇಜರ್. ಸೊಂಟದ ತುಂಬ ಬೀಗದಕೈ ನೇತುಹಾಕಿಕೊಂಡು ಓಡಾಡುವುದರಿಂದ ಎಲ್ಲರ ಬಾಯಲ್ಲೂ ಬೀಗದಪ್ಪ. ಅಷ್ಟು ಬೀಗದಕೈ ಇದ್ದೂ ಏನು ಬಂತು? ಒಂಬತ್ತು ದಿನದ ಹಿಂದೆ, ಭಾನುವಾರ, ಇವನದೇ ಕೋಲ್ಡ್ ರೂಮಿನ ಬಾಗಿಲಿಗೆ ಯಾರೋ ಹೊರಗಿನಿಂದ ಚಿಲಕ ಹಾಕಿದರು. ಒಳಗೆ ಹುಳು ಮೇಷ್ಟ್ರು ಚಳಿಗೆ ಸತ್ತರು. ಈ ಸಾಕಣೆ ಮನೆಯನ್ನು ಕಟ್ಟಿ ಬೆಳೆಸಿದ ಮುದುಕರು ಅವರು.

ಪೊಲೀಸರು ಹಿಡಿದದ್ದು ನನ್ನ ಭಾವನನ್ನು. ಅಕ್ಕನ ಗಂಡ, ಇಲ್ಲಿ ಹುಳುಗಳಿಗೆ ಮೇವಿನ ಹಿಟ್ಟು ಬೇಯಿಸಿ, ಗಟ್ಟಿಯಾದ ಮೇಲೆ ತುಂಡು ಕತ್ತರಿಸಿ ಹಾಕುವವನು. ಎದುರಿಗೆ 'ನೀವು' ಅನ್ನುತ್ತೇನೆ, ಮನಸ್ಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಏಕವಚನ. ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ. ಅವನು ಲಾಕಪ್ಪಿನಲ್ಲಿದ್ದಾನೆ ಅಂತ ಕೇಳಿದ ದಿನ ನನಗೆ ನಿದ್ದೆ ಚೆನ್ನಾಗಿಯೇ ಬಂತು, ಸುಳ್ಳೇಕೆ ಹೇಳಲಿ.

ಆದರೆ ಅಕ್ಕ ಇದ್ದಾಳಲ್ಲ. ಅವಳ ಬಲಗೈ ಭುಜದಿಂದ ಮೇಲಕ್ಕೆ ಏಳದೆ ಎರಡು ವರ್ಷವಾಯಿತು. ವಾರಕ್ಕೆರಡು ಸಲ ಹೋಗಿ ತಲೆ ಬಾಚುವುದು ನಾನೇ. ನಿನ್ನೆ ಬಾಚುತ್ತಿದ್ದಾಗ, ತಿರುಗಿಯೂ ನೋಡದೆ ಹೇಳಿದಳು.

"ಅವರನ್ನ ಬಿಡಿಸ್ಕೊಂಡು ಬಾ. ಆಗಲ್ಲ ಅಂದ್ರೆ ಈ ಮನೆ ಬಾಗಿಲಿಗೆ ಬರಬೇಡ."

ನನಗಿರುವುದು ಅವಳೊಬ್ಬಳು. ಅದಕ್ಕೇ ಹುಳು ಕಂಡರೆ ಮೈ ಜುಂ ಅನ್ನುವ ನಾನು, ಹುಳುಗಳ ಮನೆಯಲ್ಲಿ, ಹುಳುಗಳ ಹನ್ನೆರಡು ತಟ್ಟೆಗೆ ಕಾವಲು ನಿಂತಿದ್ದೆ.

"ಅವು ರೋಗದ ತಟ್ಟೆ," ಬೀಗದಪ್ಪ ಹಲ್ಲು ಕಚ್ಚಿಕೊಂಡು ಹೇಳಿದ. "ನಿನ್ನೇನೇ ಗೂಡು ಕಟ್ಟಬೇಕಿತ್ತು, ಕಟ್ಟಿಲ್ಲ. ಪಕ್ಕದ ಕೋಣೆಗೆ ಹರಡಿದ್ರೆ ನೀವು ಬಂದು ಸಾಕ್ತೀರಾ?"

"ಒಂದು ಕಟ್ಟಿದೆಯಲ್ಲ. ಏಳನೇದು."

"ಒಂದು ಕಟ್ಟಿದ್ರೆ?"

"ರೋಗ ಆರಕ್ಕೂ ಬಂದು, ಎಂಟಕ್ಕೂ ಬಂದು, ನಡುವಿನ ಏಳನ್ನ ಬಿಟ್ಟು ಹೋಯ್ತಾ? ಅಷ್ಟು ಮರ್ಯಾದಸ್ಥ ರೋಗ ನಾನು ಕಂಡಿಲ್ಲ."

ಈ ಮನೆಯ ಕಸುಬು ವಿಚಿತ್ರ. ಹಸಿರು ಎಲೆಹುಳುಗಳನ್ನು ಎರಡು ಕೋಣೆಗಳಲ್ಲಿ ಸಾಕುತ್ತಾರೆ. ಮೊದಲ ಕೋಣೆಯಲ್ಲಿ ಬರೀ ಹುಳು, ವಂಶ ಮುಂದುವರಿಸಲು. ಎರಡನೆಯದರಲ್ಲಿ ಇರುವ ಹುಳುಗಳ ಹೊಟ್ಟೆಯೊಳಗೆ ಕಣಜದ ಮೊಟ್ಟೆ ಇರುತ್ತದೆ. ಸೊಳ್ಳೆಯಷ್ಟೂ ಇಲ್ಲದ ಕಣಜ, ಮನುಷ್ಯರನ್ನು ಕಚ್ಚುವುದಿಲ್ಲ. ಅದರ ಮರಿಗಳು ಹುಳುವಿನೊಳಗೇ ಬೆಳೆದು, ಹತ್ತು ಹನ್ನೊಂದು ದಿನಕ್ಕೆ ಚರ್ಮ ಕೊರೆದು ಹೊರಬಂದು, ಹುಳುವಿನ ಬೆನ್ನ ಮೇಲೆಯೇ ಅಕ್ಕಿಕಾಳಿನಂಥ ಬಿಳಿ ಗೂಡು ಕಟ್ಟುತ್ತವೆ. ಆ ಗೂಡುಗಳನ್ನೇ ಡಬ್ಬಿಗೆ ತುಂಬಿ ಮಾರುವುದು. ಹೊಲಕ್ಕೆ ಬಿಟ್ಟರೆ ಅಲ್ಲಿಯ ಬೆಳೆ ತಿನ್ನುವ ಕೀಟಗಳನ್ನು ಕಣಜ ನೋಡಿಕೊಳ್ಳುತ್ತದೆ.

ಏಳನೇ ತಟ್ಟೆಯಲ್ಲಿ ಹುಳುಗಳ ಬೆನ್ನು ಬಿಳಿ ಗೂಡುಗಳಿಂದ ತುಂಬಿತ್ತು. ಮಿಕ್ಕ ಹನ್ನೊಂದರಲ್ಲಿ ಬಡಕಲು ಹುಳುಗಳು, ಸತ್ತೂ ಇಲ್ಲ, ಬೆಳೆದೂ ಇಲ್ಲ, ಸುಮ್ಮನೆ ತಲೆಯೆತ್ತಿ ನಿಂತಿದ್ದವು.

"ತಕ್ಕಡಿ ಮೇಡಂ ಅವರನ್ನ ಕರಿ," ಅಂದೆ.

ಅವಳನ್ನು ಕರೆಯಬೇಕಾಗಿರಲಿಲ್ಲ. ಬಾಗಿಲಲ್ಲೇ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

ಹುಳುಗಳ ತೂಕ ನೋಡುವುದು, ಬರೆದಿಡುವುದು ಅವಳ ಕೆಲಸ. ನಲವತ್ತರ ಹೆಂಗಸು, ಬಿಳಿ ಕೋಟು, ಎದೆಗವಚಿಕೊಂಡ ನೀಲಿ ರಟ್ಟಿನ ತೂಕದ ಪುಸ್ತಕ. ನನ್ನ ಭಾವನನ್ನು ಒಳಗೆ ಹಾಕಿಸಿದ್ದು ಅವಳ ಆ ಪುಸ್ತಕವೇ.

ಆ ಕತೆ ಇಷ್ಟು. ಭಾನುವಾರದ ಮೇವು ಭಾವನ ಪಾಳಿ. ಹಾಜರಿ ಹಾಳೆಯಲ್ಲಿ ಅವನ ಸಹಿ ಇದೆ. ಆದರೆ ಅವನು ಹೇಳುವುದು, 'ನಾನು ಬರಲೇ ಇಲ್ಲ, ಮೀನು ಹಿಡಿಯೋಕೆ ಹೋಗಿದ್ದೆ.' ಮೇವಿನ ಮನೆಯವರು ವರ್ಷಗಳಿಂದ ನಡೆಸಿಕೊಂಡು ಬಂದ ಒಂದು ಕಳ್ಳ ಪದ್ಧತಿ ಅದು. ಶನಿವಾರ ಸಂಜೆ ಜೋಡಿ ಮೇವು ಹಾಕಿ, ಭಾನುವಾರದ ಸಹಿಯನ್ನೂ ಶನಿವಾರವೇ ಹಾಕಿ, ಮನೆಯಲ್ಲಿ ಮಲಗುವುದು. ಮೇಷ್ಟ್ರೊಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಕೊನೆಗೆ ಮೇಷ್ಟ್ರಿಗೂ ವಾಸನೆ ಹತ್ತಿತ್ತು. 'ಇನ್ನೊಂದು ಭಾನುವಾರ ತಪ್ಪಿಸಿದರೆ ಕೆಲಸದಿಂದ ತೆಗೆಯುತ್ತೇನೆ' ಅಂತ ಎಲ್ಲರೆದುರು ಭಾವನಿಗೆ ಹೇಳಿದ್ದರು.

ಪೊಲೀಸರು ಬುದ್ಧಿವಂತಿಕೆಯ ಪ್ರಶ್ನೆಯನ್ನೇ ಕೇಳಿದರು. ಜೋಡಿ ಮೇವು ಮಾರನೇ ದಿನಕ್ಕೆ ಒಣಗಿ ಚಕ್ಕೆಯಾಗುತ್ತದೆ, ತಿನ್ನಲಾಗುವುದಿಲ್ಲ. ಭಾನುವಾರ ಯಾರೂ ಹೊಸ ಮೇವು ಹಾಕಿರದಿದ್ದರೆ ಹುಳುಗಳು ಸೊರಗಿರಬೇಕಲ್ಲ? ತಕ್ಕಡಿ ಮೇಡಂ ಗುರುವಾರ ತೂಗಿ ಬರೆದುಕೊಟ್ಟಳು. ಹುಳುಗಳು ದುಂಡಗಿವೆ, ಒಂದು ಮಿಲಿಗ್ರಾಮೂ ಕಮ್ಮಿಯಿಲ್ಲ. ಅಂದರೆ ಭಾವ ಬಂದಿದ್ದ, ಮೇವು ಹಾಕಿದ್ದ, ಈಗ ಬಂದಿಲ್ಲ ಅಂತ ಸುಳ್ಳು ಹೇಳುತ್ತಿದ್ದಾನೆ. ಯಾಕೆ ಸುಳ್ಳು? ಕೊಂದಿದ್ದಕ್ಕೆ. ಮುಗಿಯಿತು.

"ಮೇಡಂ, ಒಂದು ಕೇಳ್ತೀನಿ," ಅಂದೆ. "ಗುರುವಾರ ನೀವು ತೂಗಿದ್ದು ಯಾವ ಕೋಣೆ ಹುಳು?"

"ಮೊದಲನೇ ಕೋಣೇದು."

"ಈ ಕೋಣೇದು?"

"ಕಣಜ ಹೊಕ್ಕಿರೋ ತಟ್ಟೆ ಮುಟ್ಟಬಾರದು. ಗೂಡು ಕಟ್ಟೋವರೆಗೂ ತೂಗಬಾರದು, ಗುಡಿಸಬಾರದು. ಹಳೇ ಮೇವಿನ ಮೇಲೇ ಹೊಸ ಮೇವು. ಮೇಷ್ಟ್ರು ಮಾಡಿದ ನಿಯಮ. ನಿಮಗೆ ಗೊತ್ತಿಲ್ಲದ ವಿಷಯದಲ್ಲಿ ಯಾಕೆ ಮೂಗು ತೂರಿಸ್ತೀರಿ?"

"ಮೂಗು ಇರೋದೇ ಅದಕ್ಕೆ. ಹೊಟ್ಟೆಗಿಲ್ಲದ ಹುಳು ಮತ್ತೆ ಚೇತರಿಸ್ಕೊಳ್ಳಲ್ವಾ?"

ಅವಳು ಪುಸ್ತಕದ ಹಾಳೆ ತಿರುವಿದಳು. ಉತ್ತರ ಕೊಟ್ಟವನು ಬೀಗದಪ್ಪ, ತನ್ನ ಹುಳುಗಳ ಮೇಲಿನ ಹೆಮ್ಮೆಗೆ. "ಯಾಕೆ ಚೇತರಿಸ್ಕೊಳ್ಳಲ್ಲ? ನಮ್ಮ ಹುಳು ಒಂದು ದಿನ ಉಪವಾಸ ಬಿದ್ರೆ ಮಾರನೇ ದಿನ ಎರಡರಷ್ಟು ತಿನ್ನುತ್ತೆ. ನಾಲ್ಕು ದಿನಕ್ಕೆ ತೂಕ ಸರಿಹೋಗುತ್ತೆ."

"ಹೊಟ್ಟೇಲಿ ಕಣಜ ಇರೋ ಹುಳು?"

"ಅದೆಲ್ಲಿ ತಿನ್ನುತ್ತೆ? ಒಳಗಿರೋ ಮರಿಗಳು ಅದರ ಹಸಿವನ್ನೇ ಕಟ್ಟಿಹಾಕಿರ್ತವೆ. ಇದ್ದಿದ್ದನ್ನೂ ಅವೇ ಹೀರ್ತಾ ಇರ್ತವೆ. ಒಂದು ದಿನ ಕಳ್ಕೊಂಡ್ರೆ ಕಳ್ಕೊಂಡ ಹಾಗೇನೇ..."

ತಾನು ಏನು ಹೇಳಿದೆ ಅಂತ ಅವನಿಗೇ ಆಗ ತಿಳಿಯಿತು.

"ಬರೀ ಉಪವಾಸ ಆದ್ರೆ ತಡ್ಕೊಳ್ಳುತ್ತೆ," ಅಂದೆ. "ಹೊಟ್ಟೇಲಿ ಹೊಟ್ಟೆಬಾಕರನ್ನ ಇಟ್ಕೊಂಡು, ಮೇಲೆ ಉಪವಾಸಾನೂ ಬಿದ್ರೆ ತಡ್ಕೊಳ್ಳಲ್ಲ. ಮೊದಲನೇ ಕೋಣೆ ಹುಳು ಭಾನುವಾರದ ಹಸಿವನ್ನ ತಿಂದು ಮುಚ್ಚಿಹಾಕ್ತು. ಇವುಗಳ ಕೈಲಿ ಮುಚ್ಚಿಹಾಕೋಕೆ ಆಗಲಿಲ್ಲ. ಪೊಲೀಸರು ಕೇಳಬೇಕಾಗಿದ್ದು ಇವುಗಳನ್ನ. ತೂಗಿ ಮೇಡಂ."

"ನಿಯಮ ಇದೆ ಅಂದೆನಲ್ಲ."

"ಒಂದು ಗಂಟೆಗೆ ಹಂಡೇಲಿ ಬೇಯೋ ಹುಳುಗೆ ಎಂಥ ನಿಯಮ? ತೂಗಿ."

ತೂಗಿದಳು. ಚಿಮುಟದಿಂದ ಒಂದೊಂದೇ ಎತ್ತಿ, ಮೂರನೇ ತಟ್ಟೆಯಿಂದ ಇಪ್ಪತ್ತು, ಒಂಬತ್ತನೆಯದರಿಂದ ಇಪ್ಪತ್ತು. ಇಪ್ಪತ್ತು ಹುಳು ಐದು ಗ್ರಾಂ ಇರಬೇಕಾದ ದಿನ ಅದು. ಮೂರೂವರೆ ಬಂತು, ಮೂರು ನಲವತ್ತು ಬಂತು. ಅವಳು ಬರೆದುಕೊಂಡಳು, ಅಕ್ಷರ ಮಾತ್ರ ಸ್ವಲ್ಪವೂ ಅಲುಗಲಿಲ್ಲ. ನಾನು ಫೋನಿನಲ್ಲಿ ತಟ್ಟೆಗಳ ಫೋಟೋ ತೆಗೆದೆ.

"ಫೋಟೋದಲ್ಲಿ ತೂಕ ಕಾಣಲ್ಲ," ಅಂದಳು. ಅದೇ ಮೊದಲ ಸಲ ಅವಳು ನಕ್ಕಿದ್ದು.

ಆಮೇಲೆ ನಾನು ಏಳನೇ ತಟ್ಟೆಯ ಮುಂದೆ ನಿಂತೆ. ಸೊಂಟದ ಎತ್ತರದ ಹಲಗೆ. ಗುಡಿಸದ ತಟ್ಟೆಯಲ್ಲಿ ಮೇವು ಪದರ ಪದರವಾಗಿ ಬಿದ್ದಿತ್ತು. ಅಡಿಯಲ್ಲಿ ಶುಕ್ರವಾರದ ಚೂರು, ಮೇಲೆ ಶನಿವಾರದ ಜೋಡಿ ಮೇವು, ಒಣಗಿ ಮುರುಟಿಕೊಂಡದ್ದು. ಎಲ್ಲ ತಟ್ಟೆಯಲ್ಲೂ ಅದರ ಮೇಲೆ ನೇರ ಸೋಮವಾರದ್ದು. ಏಳರಲ್ಲಿ ಮಾತ್ರ ನಡುವೆ ಇನ್ನೊಂದು ಪದರವಿತ್ತು. ತಿಂದು ಮಿಕ್ಕ ನಾಲ್ಕು ತುಂಡು. ಬೇರೆಲ್ಲ ತುಂಡುಗಳಿಗೂ ಮೇವಿನ ಗಟ್ಟಿ ಅಂಚು ಹಾಗೇ ಇತ್ತು. ಈ ನಾಲ್ಕಕ್ಕೆ ಮಾತ್ರ ಅಂಚನ್ನು ನೀಟಾಗಿ ಕತ್ತರಿಸಿ ತೆಗೆದಿತ್ತು.

ಎಲ್ಲೋ ನೋಡಿದ ಹಾಗಿದೆ ಅನ್ನಿಸಿತು. ಎಲ್ಲಿ ಅಂತ ಹೊಳೆಯಲಿಲ್ಲ. ನಾಲ್ಕನ್ನೂ ಕಾಗದದಲ್ಲಿ ಪೊಟ್ಟಣ ಕಟ್ಟಿ ಚೀಲಕ್ಕೆ ಹಾಕಿಕೊಂಡೆ.

"ಭಾನುವಾರ ಯಾರೋ ಬಂದಿದ್ರು," ಅಂದೆ. "ಮೇವು ಹಾಕೋಕೆ ಶುರು ಮಾಡಿದ್ರು. ಒಂದೇ ತಟ್ಟೆಗೆ ನಿಲ್ಲಿಸಿದ್ರು. ಯಾಕೆ ನಿಲ್ಲಿಸಿದ್ರು ಅಂತ ಗೊತ್ತಾದ್ರೆ ಮೇಷ್ಟ್ರನ್ನ ಯಾರು ಕೊಂದ್ರು ಅಂತ ಗೊತ್ತಾಗುತ್ತೆ."

ತಕ್ಕಡಿ ಮೇಡಂ ಆ ತಟ್ಟೆಯನ್ನೇ ನೋಡುತ್ತಿದ್ದಳು. ಪುಸ್ತಕ ಮುಚ್ಚಿದಳು.

"ನಾನೂ ಠಾಣೆಗೆ ಬರ್ತೀನಿ. ನಾನು ಬರೆದದ್ದು ತಪ್ಪು ಅಂತ ನಾನೇ ಹೇಳ್ಬೇಕಲ್ಲ."

ನನಗೆ ಖುಷಿಯಾಯಿತು. ಗೆದ್ದವಳ ಖುಷಿ. ಹೊರಡುವ ಮುಂಚೆ ಬೀಗದಪ್ಪನ ಕೈಯಲ್ಲಿ ಆಣೆ ಹಾಕಿಸುವುದೊಂದು ಬಾಕಿ.

"ತಟ್ಟೆ ಮುಟ್ಟಲ್ಲ," ಅಂದ ಅವನು, ಮುಖ ಗಂಟಿಕ್ಕಿಕೊಂಡು. "ಆದ್ರೆ ನಿಮ್ಮ ಮಾತಿಗಲ್ಲ. ಇವರು ರೋಗ ಅಂತ ಫೋನ್ ಮಾಡಿದ ಕ್ಷಣ ಹಂಡೆಗೆ ಹೋಗುತ್ತೆ. ಇಲ್ಲಿ ತಟ್ಟೆ ವಿಷಯದಲ್ಲಿ ನಡಿಯೋದು ತಕ್ಕಡಿ ಮೇಡಂ ಮಾತು."

"ಅವರು ನನ್ನ ಜೊತೇಲೇ ಇರ್ತಾರಲ್ಲ," ಅಂದೆ.

* * *

ಠಾಣೆಯಲ್ಲಿ ಹನ್ನೆರಡೂವರೆ. ಇನ್ಸ್‌ಪೆಕ್ಟರ್ ಒಂದು ಕಾಲದಲ್ಲಿ ನನ್ನ ಕೈಕೆಳಗೆ ಪೇದೆಯಾಗಿದ್ದವನು. ಆಗ ನಾನು ಬೈದದ್ದನ್ನೆಲ್ಲ ಜೋಪಾನವಾಗಿ ನೆನಪಿಟ್ಟುಕೊಂಡಿದ್ದಾನೆ. ಕುರ್ಚಿ ಕೊಡಲಿಲ್ಲ. ನಾನೇ ಎಳೆದುಕೊಂಡು ಕೂತೆ. ತಕ್ಕಡಿ ಮೇಡಂ ನನ್ನ ಹಿಂದೆ, ಗೋಡೆ ಪಕ್ಕದ ಬೆಂಚಿನಲ್ಲಿ ಕೂತಳು, ತೊಡೆಯ ಮೇಲೆ ಪುಸ್ತಕ.

ಲಾಕಪ್ಪಿನ ಕಂಬಿ ಅವನ ಮೇಜಿನಿಂದ ನಾಲ್ಕು ಹೆಜ್ಜೆ. ಭಾವ ಎದ್ದು ಬಂದ. ಐದು ದಿನದ ಗಡ್ಡ, ಕಸೆ ಕಿತ್ತ ಪ್ಯಾಂಟು.

"ಬಂದ್ಯಾ ಪೊಲೀಸಮ್ಮ? ನನ್ನ ನೋಡೋಕೆ ಟಿಕೆಟ್ ಇಟ್ಟಿದಾರಾ?"

"ಬಿಟ್ಟಿ ಬಿಟ್ಟರು. ನಿಮಗೆ ಅಷ್ಟೇ ಬೆಲೆ."

"ನನ್ನ ಹೆಂಡತಿ ಕಳ್ಸಿದ್ಲಾ?"

"ಮತ್ತೆ ನಾನೇ ಪ್ರೀತಿ ಉಕ್ಕಿ ಬಂದೆ ಅಂದ್ಕೊಂಡ್ರಾ?"

"ಜಗಳ ಮನೇಲಿ ಆಡ್ಕೊಳ್ಳಿ," ಅಂದ ಇನ್ಸ್‌ಪೆಕ್ಟರ್. "ಮೇಡಂ, ನಿಮಗೆ ಹತ್ತು ನಿಮಿಷ."

ಎಂಟೇ ನಿಮಿಷ ಸಾಕಾಯಿತು. ಉಪವಾಸ, ಕಣಜ, ಎರಡೂ ಸೇರಿದರೆ ಹುಳುವಿಗೆ ಏನಾಗುತ್ತದೆ, ಎಲ್ಲ ಹೇಳಿದೆ. ಹಿಂದೆ ತಿರುಗಿ ತೂಕ ಕೇಳಿದೆ. ತಕ್ಕಡಿ ಮೇಡಂ ಕೂತಲ್ಲಿಂದಲೇ ಓದಿದಳು, ಮೂರೂವರೆ, ಮೂರು ನಲವತ್ತು.

ಇನ್ಸ್‌ಪೆಕ್ಟರ್ ಪೆನ್ನಿನ ತುದಿ ಕಚ್ಚಿದ. "ಅಂದ್ರೆ ಭಾನುವಾರ ಇವನು ಮೇವು ಹಾಕಿಲ್ಲ."

"ಹನ್ನೊಂದು ತಟ್ಟೆಗೆ ಯಾರೂ ಹಾಕಿಲ್ಲ."

ಭಾವ ಕಂಬಿಗೆ ಹಣೆ ಒತ್ತಿ ಗಹಗಹಿಸಿ ನಕ್ಕ. "ಐದು ದಿನದಿಂದ ಬಡ್ಕೊಂಡೆ! ಮೀನು ಹಿಡೀತಿದ್ದೆ, ಮೀನು ಹಿಡೀತಿದ್ದೆ ಅಂತ! ಮನುಷ್ಯನ ಮಾತು ನಂಬಲಿಲ್ಲ, ಹುಳು ಮಾತು ನಂಬ್ತೀರಿ ನೋಡ್ರಿ! ಪೊಲೀಸಮ್ಮ, ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು. ಬಾಗಿಲು ತೆಗೀರಿ!"

"ತಡೀರಿ. ಹನ್ನೊಂದು ಅಂದೆ. ಇರೋದು ಹನ್ನೆರಡು."

ನಾನು ಪೊಟ್ಟಣ ಬಿಚ್ಚಿ ಮೇಜಿನ ಮೇಲಿಟ್ಟೆ. ನಾಲ್ಕು ತುಂಡು.

"ಇದು ಭಾನುವಾರದ್ದು. ಯಾರೋ ಬಂದು ಒಂದು ತಟ್ಟೆಗೆ ಹಾಕಿ ಹೋಗಿದಾರೆ. ಆ ಒಂದು ತಟ್ಟೆ ಸರಿಯಾದ ದಿನ ಗೂಡು ಕಟ್ಟಿದೆ."

ನಗು ನಿಂತಿತು. ಅಷ್ಟು ಬೇಗ ನಗು ನಿಂತ ಮುಖವನ್ನು ನಾನು ಮೂವತ್ತು ವರ್ಷದ ಕೆಲಸದಲ್ಲಿ ನೋಡಿರಲಿಲ್ಲ.

"ಎಷ್ಟನೇ ತಟ್ಟೆ?" ಅಂತ ಕೇಳಿದ.

"ಏಳು."

"ಏಳು ಯಾವ ಹಲಗೆ?"

"ಅಷ್ಟು ವರ್ಷ ಮೇವು ಹಾಕಿದೀರಿ, ನನ್ನ ಕೇಳ್ತೀರಾ? ಮೂರನೇ ಹಲಗೆ. ಸೊಂಟದ ಎತ್ತರ."

ಅವನು ತುಂಡುಗಳನ್ನು ನೋಡಿದ. ಕಂಬಿ ಹಿಡಿದಿದ್ದ ಎರಡೂ ಕೈಗಳನ್ನು ಇಳಿಸಿದ. ಆಮೇಲೆ ನನ್ನ ಕಡೆ ನೋಡದೆ, ಇನ್ಸ್‌ಪೆಕ್ಟರ್ ಕಡೆ ತಿರುಗಿದ.

"ಬರ್ಕೊಳ್ಳಿ. ಭಾನುವಾರ ನಾನು ಹೋಗಿದ್ದೆ. ಮೀನು ಗೀನು ಎಲ್ಲ ಸುಳ್ಳು. ಒಂದು ತಟ್ಟೆಗೆ ಮೇವು ಹಾಕ್ದೆ. ಅಷ್ಟರಲ್ಲಿ ಮೇಷ್ಟ್ರು ಬಂದು ಬೈದ್ರು. ಅವರು ಕೋಲ್ಡ್ ರೂಮಿಗೆ ಹೋದಾಗ ಚಿಲಕ ಹಾಕ್ದೆ. ನಾನೇ ಕೊಂದೆ."

ಇನ್ಸ್‌ಪೆಕ್ಟರ್ ನನ್ನ ಮುಖ ನೋಡಿ ಹಲ್ಲು ಬಿಟ್ಟ. "ಬಿಡಿಸೋಕೆ ಬಂದು ಪೂರ್ತಿ ಕಟ್ಟಿಹಾಕಿದ್ರಲ್ಲ ಮೇಡಂ!"

ನನಗೆ ಮೈಯೆಲ್ಲ ಉರಿಯಿತು. ಸೋತದ್ದಕ್ಕಲ್ಲ. ಈ ಮನುಷ್ಯ ಸುಳ್ಳು ಹೇಳುವುದು ನನಗೆ ಹೊಸದಲ್ಲ, ಆದರೆ ಇಷ್ಟು ಕೆಟ್ಟದಾಗಿ ಹೇಳಿದ್ದು ಇದೇ ಮೊದಲು.

"ಬರೀಬೇಡ!" ಅಂತ ಇನ್ಸ್‌ಪೆಕ್ಟರಿಗೆ ಕೂಗಿ, ಕಂಬಿಗೆ ಮುಖವಿಟ್ಟೆ. "ಯಾರ ಕಿವಿಗೆ ಹೂ ಇಡ್ತೀರಿ? ನೀವು ಆರಡಿ ಮನುಷ್ಯ. ಯಾವಾಗಲೂ ಮೇಲಿನ ಹಲಗೆಯಿಂದ, ಒಂದನೇ ತಟ್ಟೆಯಿಂದ ಶುರು ಮಾಡ್ತೀರಿ. ತಟ್ಟೆ ಎಳೆಯೋಕೆ ಎರಡೂ ಕೈ ಬೇಕು, ಇದು ಕೈ ಮೇಲೆತ್ತೋಕಾಗದವರ ಕೆಲಸ. ಅವರಿಗೆ ಸೊಂಟದ ಎತ್ತರದ ತಟ್ಟೆ ಮಾತ್ರ ಎಟಕಿದೆ. ಇನ್ನು ಈ ತುಂಡು. ಅಂಚು ಕತ್ತರಿಸಿ ತೆಗೆದಿದೆ. ನಿಮಗೆ ಅಷ್ಟು ತಾಳ್ಮೆ ಯಾವತ್ತಿತ್ತು? ಗಟ್ಟಿ ಅಂಚು ತಿನ್ನೋಕೆ ಕಷ್ಟ ಅಂತ ಕತ್ತರಿಸಿ ಕೊಡೋರು..."

ಮಾತು ಅಲ್ಲೇ ನಿಂತುಹೋಯಿತು.

ಆಗ ನನಗೆ ಐದು ವರ್ಷ. ಬ್ರೆಡ್ಡಿನ ಅಂಚು ಗಂಟಲಿಗೆ ಚುಚ್ಚುತ್ತದೆ ಅಂತ ರಚ್ಚೆ ಹಿಡಿಯುತ್ತಿದ್ದೆ. ಒಬ್ಬಳು ದಿನಾ ಬೆಳಗ್ಗೆ ನಾಲ್ಕೂ ಕಡೆ ಅಂಚು ಕತ್ತರಿಸಿ, ಅಂಚನ್ನು ತಾನು ತಿಂದು, ಮೆತ್ತನೆಯದನ್ನು ನನ್ನ ತಟ್ಟೆಗೆ ಹಾಕುತ್ತಿದ್ದಳು. ಹುಳುಗಳ ಮನೆಯಲ್ಲಿ 'ಎಲ್ಲೋ ನೋಡಿದ ಹಾಗಿದೆ' ಅನ್ನಿಸಿದ್ದು ಅದು. ನಿನ್ನೆ ಅವಳ ತಲೆ ಬಾಚಿದ ಕೈ ನನ್ನದು. ಆ ಭುಜ ಎಷ್ಟು ಮೇಲೆ ಏಳುತ್ತದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಭಾವ ಕಂಬಿಯ ಹತ್ತಿರ ಬಗ್ಗಿದ. ನನಗೊಬ್ಬಳಿಗೇ ಕೇಳುವಷ್ಟು ಸಣ್ಣ ದನಿ.

"ನಿನ್ನ ಜಾಣತನ ಇಲ್ಲಿಗೆ ನಿಲ್ಸು. ಇಪ್ಪತ್ತೆರಡು ವರ್ಷದಲ್ಲಿ ನಿನ್ನ ಹತ್ರ ಏನೂ ಕೇಳಿಲ್ಲ. ಇದೊಂದು ಕೇಳ್ತೀನಿ. ನಿಲ್ಸು."

ಕಣ್ಣಲ್ಲಿ ನೀರಿತ್ತು. ಈ ಮನುಷ್ಯನ ಕಣ್ಣಲ್ಲಿ ನೀರು ಬರುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಐದು ದಿನದಿಂದ ಅವರು 'ನಾನಲ್ಲ' ಅಂದದ್ದು, ಅಕ್ಕ ಹೋಗಿದ್ದು ಯಾರಿಗೂ ಗೊತ್ತಿಲ್ಲ ಅನ್ನುವ ಧೈರ್ಯದಿಂದ. ಗೊತ್ತಾಗುತ್ತದೆ ಅಂದ ಕೂಡಲೇ ಕೊರಳು ಒಡ್ಡಿದರು. ನನಗೆ ನಾಚಿಕೆಯಾಯಿತು. ಅವರ ಬಗ್ಗೆ ಅಂದುಕೊಂಡದ್ದಕ್ಕೆಲ್ಲ ಒಟ್ಟಿಗೇ ನಾಚಿಕೆಯಾಯಿತು.

"ಹೇಳಿ ಮೇಡಂ," ಇನ್ಸ್‌ಪೆಕ್ಟರ್ ಈಗ ನಗುತ್ತಿರಲಿಲ್ಲ. "ಕತ್ತರಿಸಿ ಕೊಡೋರು ಯಾರು?"

"ಗೊತ್ತಿಲ್ಲ."

"ಆಗಲೇ ಗೊತ್ತಿತ್ತು."

"ಈಗ ಗೊತ್ತಿಲ್ಲ ಅಂದೆನಲ್ಲ!"

ನನ್ನ ದನಿ ನನಗೇ ಸುಳ್ಳು ಅನ್ನಿಸಿತು. ಅವನು ನನ್ನ ಹತ್ತಿರವೇ ಕೆಲಸ ಕಲಿತವನು. ಸುಳ್ಳು ಹಿಡಿಯುವುದನ್ನು ಕಲಿಸಿದ್ದೂ ನಾನೇ.

ಆಗ ಹೊರಬಾಗಿಲಲ್ಲಿ ಪೇದೆಯ ದನಿ ಕೇಳಿಸಿತು. "ಡಬ್ಬಿ ತೆಗೀರಮ್ಮ. ಒಳಗಿರೋರಿಗೆ ಊಟ ಕೊಡೋ ಮುಂಚೆ ನೋಡ್ಬೇಕು."

ಅಕ್ಕ ಬಂದಿದ್ದಳು. ಬಲಗೈಯನ್ನು ಎದೆಗೆ ಒತ್ತಿಕೊಂಡು, ಎಡಗೈಯಲ್ಲಿ ಡಬ್ಬಿ. ದಿನಾ ಒಂದು ಗಂಟೆಗೆ ಗಂಡನಿಗೆ ಊಟ ತರುತ್ತಾಳೆ ಅನ್ನುವುದನ್ನು ನಾನು ಹೇಗೆ ಮರೆತೆ?

ಪೇದೆ ಡಬ್ಬಿ ತೆಗೆದು ತಂದು ಮೇಜಿನ ಮೇಲಿಟ್ಟ. ಪೊಟ್ಟಣದ ಪಕ್ಕದಲ್ಲೇ. ಬೇಯಿಸಿದ ಮೊಟ್ಟೆ ಎರಡು, ಬ್ರೆಡ್ಡು ಆರು ತುಂಡು. ಆರಕ್ಕೂ ನಾಲ್ಕೂ ಕಡೆ ಅಂಚು ಕತ್ತರಿಸಿ ತೆಗೆದಿತ್ತು.

ಇನ್ಸ್‌ಪೆಕ್ಟರ್ ಬ್ರೆಡ್ಡು ನೋಡಿದ. ಪೊಟ್ಟಣ ನೋಡಿದ. ಪೆನ್ನು ಕೆಳಗಿಟ್ಟ.

"ಹೊರಗೆ ಹೋಗೇ!" ಭಾವ ಕಿರುಚಿದರು. "ಯಾರು ಬರೋಕೆ ಹೇಳಿದ್ರು ನಿನಗೆ? ಹೋಗು!"

ಅಕ್ಕ ಹೋಗಲಿಲ್ಲ. ಮೇಜಿನ ಮೇಲಿದ್ದ ನಾಲ್ಕು ತುಂಡುಗಳನ್ನು ನೋಡುತ್ತ ನಿಂತಳು. ಅವು ಏನು ಅಂತ ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ನೀನೇ ತಂದ್ಯಾ?" ಅಂತ ನನ್ನ ಕೇಳಿದಳು.

ನಾನು ಹೌದೆಂದು ತಲೆ ಆಡಿಸಿದೆ. ಆ ಕ್ಷಣ ನೆಲ ಬಾಯಿಬಿಟ್ಟಿದ್ದರೆ ಸಂತೋಷವಾಗಿ ಇಳಿದುಹೋಗುತ್ತಿದ್ದೆ.

"ಒಳ್ಳೇದಾಯ್ತು," ಅಂದಳು ಅಕ್ಕ. "ನನ್ನ ಕೈಲಿ ಹೊತ್ಕೊಂಡಿರೋಕೆ ಆಗ್ತಿರಲಿಲ್ಲ."

"ಸುಮ್ನಿರೇ," ಭಾವ ಅಂದರು. ಈ ಸಲ ಕಿರುಚಲಿಲ್ಲ.

"ಇವರು ಮೀನಿಗೆ ಹೋದ್ರು. ಬೇಡ, ಈ ಸಲ ಕೆಲಸ ಹೋಗುತ್ತೆ ಅಂತ ಎಷ್ಟು ಹೇಳಿದ್ರೂ ಕೇಳಲಿಲ್ಲ. ಅದಕ್ಕೆ ಬೀಗದಕೈ ತಗೊಂಡು ನಾನೇ ಹೋದೆ. ಫ್ರಿಜ್ಜಿನಲ್ಲಿ ಮೇವಿತ್ತು. ಕತ್ತರಿಸಿ ಒಂದು ತಟ್ಟೆಗೆ ಹಾಕ್ದೆ. ಆಗ ಸದ್ದು ಕೇಳಿಸ್ತು. ಧಬ್, ಧಬ್ ಅಂತ."

"ಎಲ್ಲಿಂದ?" ಅಂದ ಇನ್ಸ್‌ಪೆಕ್ಟರ್.

"ಕೋಲ್ಡ್ ರೂಮಿಂದ. ಒಳಗಿಂದ ಯಾರೋ ಬಾಗಿಲು ಬಡೀತಿದ್ರು."

ನಾನು ಕಂಬಿ ಬಿಟ್ಟು ಅಕ್ಕನ ಹತ್ತಿರ ಬಂದೆ.

"ತೆಗೀಲಿಲ್ವಾ ಅಕ್ಕ?" ಅಂದೆ.

"ತೆಗೆಯೋಕೆ ಹೋದೆ. ಅಲ್ಲಿ ಒಬ್ಬರು ನಿಂತಿದ್ರು. 'ಅದು ಯಂತ್ರದ ಸದ್ದು, ಕೂಲಿಂಗ್ ಕೆಟ್ಟಿದೆ, ನೀನು ಇಲ್ಲಿಗೆ ಬಂದಿದ್ದು ಮೇಷ್ಟ್ರಿಗೆ ಗೊತ್ತಾದ್ರೆ ನಿನ್ನ ಗಂಡನ ಕತೆ ಮುಗೀತು, ಹೋಗು' ಅಂದ್ರು. ನಾನು ನಂಬಿದೆ." ಅಕ್ಕ ಸುಧಾರಿಸಿಕೊಂಡಳು. "ನಂಬಲಿಲ್ಲ. ನಂಬಿದ ಹಾಗೆ ಮಾಡಿ ಮನೆಗೆ ಬಂದೆ. ಯಂತ್ರ ಹಾಗೆ ಬಡಿಯುತ್ತಾ?"

"ಯಾರು ನಿಂತಿದ್ದು?" ಅವಳ ಎಡಗೈ ಹಿಡಿದೆ. "ಅಕ್ಕ, ಯಾರು?"

"ಇಲ್ಲೇ ಇದ್ರಲ್ಲ. ನಾನು ಬರ್ತಾ ಇದ್ದ ಹಾಗೇ ಬಾಗಿಲಲ್ಲಿ ನನ್ನ ಪಕ್ಕದಿಂದಲೇ ಹೊರಗೆ ಹೋದ್ರು. ಬಿಳಿ ಕೋಟು."

ತಿರುಗಿದೆ. ಗೋಡೆ ಪಕ್ಕದ ಬೆಂಚು ಖಾಲಿ. ತೂಕದ ಪುಸ್ತಕವೂ ಇಲ್ಲ.

ಪೇದೆ ಹೊರಗೆ ಓಡಿದ. ನಾನು ಸಾಕಣೆ ಮನೆಗೆ ಫೋನ್ ಹಚ್ಚಿದೆ. ಎತ್ತುವ ಹೊತ್ತಿಗೆ ಆರು ಸಲ ಬಡಿದುಕೊಂಡಿತು.

"ಏನ್ ಮೇಡಂ ಮತ್ತೆ?" ಬೀಗದಪ್ಪನ ದನಿಯ ಹಿಂದೆ ನೀರು ಕೊತಕೊತ ಕುದಿಯುವ ಸದ್ದು.

"ತಟ್ಟೆ! ತಟ್ಟೆ ಮುಟ್ಟಬೇಡ!"

"ಐದು ನಿಮಿಷ ಆಯ್ತು ತಕ್ಕಡಿ ಮೇಡಂ ಫೋನ್ ಬಂದು. ರೋಗಾನೇ ಅಂತೆ. ಹನ್ನೊಂದು ಹಾಕಾಯ್ತು, ಏಳನೇದು ಕೈಲಿದೆ. ಜೋರಾಗಿ ಹೇಳಿ, ಆವಿ ಸದ್ದಿಗೆ ಏನೂ ಕೇಳಿಸ್ತಿಲ್ಲ..."

ಭಾವ ಬಂದಿರಲಿಲ್ಲ ಅಂತ ಹೇಳುತ್ತಿದ್ದ ಹನ್ನೊಂದು ತಟ್ಟೆಯೂ ಬೆಂದುಹೋಗಿತ್ತು. ಅವುಗಳ ತೂಕ ಅವಳ ಕಂಕುಳಲ್ಲಿ ಬೀದಿಗೆ ಹೋಗಿತ್ತು. ನನ್ನ ಫೋನಿನ ಫೋಟೋದಲ್ಲಿ ತೂಕ ಕಾಣುವುದಿಲ್ಲ. ಲೋಕದಲ್ಲಿ ಉಳಿದ ಸಾಕ್ಷಿ ಮೇಜಿನ ಮೇಲಿನ ನಾಲ್ಕು ತುಂಡು, ನಾನೇ ಪೊಟ್ಟಣ ಕಟ್ಟಿ ತಂದದ್ದು. ಅದು ಬೆರಳು ತೋರಿಸುತ್ತಿದ್ದುದು ನನ್ನ ಅಕ್ಕನ ಕಡೆಗೆ ಮಾತ್ರ.

ಇನ್ಸ್‌ಪೆಕ್ಟರ್ ಪೊಟ್ಟಣವನ್ನು ತನ್ನ ಕಡೆಗೆ ಎಳೆದುಕೊಂಡ. ಭಾವನ ಹೇಳಿಕೆ ಬರೆದಿದ್ದ ಹಾಳೆಯನ್ನು ಮಡಚಿ ಪಕ್ಕಕ್ಕಿಟ್ಟು, ಹೊಸ ಹಾಳೆ ತೆಗೆದ. ನನಗೆ ಕೊಡದ ಕುರ್ಚಿಯನ್ನು ಅಕ್ಕನ ಮುಂದೆ ಸರಿಸಿದ.

"ಕೂತ್ಕೊಳ್ಳಿ," ಅಂದ. "ನಿಮ್ಮ ಹೆಸರು ಹೇಳಿ."